ಮೀಡಿಯಂ ರೋಸ್ಟ್

ಹೊಸದಾಗಿ ಸೇರಿದ ಹುಡುಗಿ ದೀಕ್ಷಾ
ಟೇಸ್ಟಿಂಗ್ ಮೇಜಿನ ಆಚೆಯಿಂದ ಅಂದೇಬಿಟ್ಟಳು:
"ಅಕ್ಕಾ, ನಿಮ್ಮ ಬಾಯಿ ಮೀಡಿಯಂ ರೋಸ್ಟು,
ನಡುವೆ ಒಂದೇ ಒಂದು ಹುರಿಯದ ಬೀಜ!"
ಎಲ್ಲರೂ ನಕ್ಕರು. ನಾನೂ ನಕ್ಕೆ,
ತುಟಿ ಮುಚ್ಚಿಕೊಂಡು.

ಇಪ್ಪತ್ತೆರಡು ವರ್ಷ,
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ದಿನಕ್ಕೆ ಅರವತ್ತು ಬಟ್ಟಲು.
ಚಮಚದಿಂದ ಸೊರ್ರೆಂದು ಎಳೆದು
ನಾಲಗೆಯ ಮೇಲೆ ಹೊರಳಿಸಿ
ಥೂ ಎಂದು ಉಗುಳುವ ಕೆಲಸ.
ಕುಡಿದದ್ದಲ್ಲ, ಬರೀ ಉಗುಳಿದ್ದು.
ಉಗುಳಿದ್ದಕ್ಕೂ ಲೆಕ್ಕ ಬರೆದಿಟ್ಟಿದ್ದವು ಹಲ್ಲುಗಳು.

ಬಸ್ ನಿಲ್ದಾಣದೆದುರು ಎರಡನೇ ಮಹಡಿ.
ಡಾಕ್ಟರ್ ಶಮೀನಾ ಬೀಗದ ಕೈ ಗೊಂಚಲಿನಂಥದ್ದೊಂದು ತೆಗೆದರು:
ಹದಿನಾರು ಹಲ್ಲು, ಹದಿನಾರು ಬಣ್ಣ.
ಒಂದೊಂದನ್ನೇ ನನ್ನ ತುಟಿಯ ಬಳಿ ಹಿಡಿದು
ಸೀರೆಗೆ ರವಿಕೆ ಬಟ್ಟೆ ಹೊಂದಿಸುವವರ ಹಾಗೆ
ಕಿಟಕಿಯ ಬೆಳಕಿಗೆ ತಲೆ ವಾಲಿಸಿ
"ಎ ಮೂರೂವರೆ" ಎಂದರು.
ಗುಲಾಬಿ ಹಿಟ್ಟು ಕಲಸಿ, ಬಾಯಿಗೆ ಒತ್ತಿ,
ವಾರ ಬಿಟ್ಟು ಕೊಟ್ಟದ್ದು
ನೀರಿನಷ್ಟು ತೆಳ್ಳನೆಯ ಎರಡು ಅಚ್ಚು,
ಆರು ಸಿರಿಂಜು ಜೆಲ್,
ಬೇಕಿದ್ದರೆ ಇಟ್ಟುಕೊಳ್ಳಿ ಎಂದು
ಪ್ಲಾಸ್ಟರಿನ ನನ್ನದೇ ಬಾಯಿ.
ಅದು ಆಗಲೇ ಬೆಳ್ಳಗಿತ್ತು.

"ರಾತ್ರಿ ಎರಡು ಗಂಟೆ. ಹಲ್ಲಿಗೊಂದು ಸಾಸಿವೆಯಷ್ಟು.
ಕಾಫಿ ಬೇಡ, ಅರಿಸಿನ ಬೇಡ, ಕಾಚಂಪುಳಿ ಬೇಡ."
"ಕಾಫಿ ನನ್ನ ಸಂಬಳ, ಡಾಕ್ಟರೇ."
"ಹಾಗಾದರೆ ರಜೆ ಹಾಕಿ."
ಬಾಗಿಲವರೆಗೂ ಬಂದು ಇನ್ನೊಂದು ಮಾತು:
"ಆ ಕ್ಯಾಪ್ ಹಲ್ಲಿದೆಯಲ್ಲ, ಅದು ಬದಲಾಗುವುದಿಲ್ಲ.
ಉಳಿದವೇ ಅದರ ಹತ್ತಿರ ಹೋಗಬೇಕು."

ನೂಪುಟ್ಟು, ಮೊಸರು, ನೂಪುಟ್ಟು, ತೆಂಗಿನ ಹಾಲು.
ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದಲ್ಲಿ
ಪಂದಿ ಕರಿಯನ್ನು ಮುಂದಕ್ಕೆ ದಾಟಿಸಿ
ಬರೀ ಕಡಂಬುಟ್ಟು ನುಂಗುತ್ತ ಕೂತೆ.
"ಹರಕೆಯಾ?" ಎಂದರು. ಹೂಂ ಎಂದೆ.

ಅಚ್ಚು ತೊಟ್ಟರೆ ಬಾಯಿ ತುಂಬ ಜೊಲ್ಲು,
ಉತ್ತಯ್ಯ ಎಂದರೆ ಉತ್ಥಯ್ಯ.
ಮಾತೇ ಬೇಡವೆಂದು ಸುಮ್ಮನಾದೆ.
ಇಪ್ಪತ್ತು ವರ್ಷದ ಸಂಸಾರದಲ್ಲಿ
ನಾನು ಬಿಟ್ಟ ಮೊದಲ ಖಾಲಿ ಜಾಗ ಅದು.
ಮೊದಲ ರಾತ್ರಿ ಅವನು ಟಿವಿಯ ದನಿ ಏರಿಸಿದ.
ಮರುದಿನ ಗ್ಯಾಸ್ ಸಿಲಿಂಡರಿನ ಬಗ್ಗೆ ಹೇಳಿದ,
ಆಮೇಲೆ ಸತ್ತ ನಾಯಿಯ ಬಗ್ಗೆ.
ಐದನೆಯ ರಾತ್ರಿ ಟಿವಿ ಆರಿಸಿ,
ರಿಮೋಟಿಗೇ ಹೇಳುವವನಂತೆ:

"ನಾಪೋಕ್ಲು ಮೈದಾನದಲ್ಲಿ ಆ ಚೆಂಡು
ಕುಟ್ಟಪ್ಪ ಹೊಡೆದದ್ದಲ್ಲ. ನಾನು.
ಗೋಲಿಗೆ ಬೀಸಿದ್ದು, ಗೆರೆಯಾಚೆ ಕೂತಿದ್ದ ನಿನ್ನ ಬಾಯಿಗೆ.
ಅವನು ಪಾಪ, ತಪ್ಪು ತಲೆಗೆ ಹಾಕಿಕೊಂಡ."

ಐಸು ಹಿಡಿದು ಓಡಿಬಂದ ಹುಡುಗ,
ತನ್ನ ಕರವಸ್ತ್ರದಲ್ಲಿ ನನ್ನ ರಕ್ತ ಒರೆಸಿದವನು,
ಎಷ್ಟು ಒಳ್ಳೆಯವನೆಂದು ನಾನು ಮನೆಯಲ್ಲಿ ಹಟ ಹಿಡಿದು
ಒಪ್ಪಿಸಿದವನು.
ಕುಟ್ಟಪ್ಪನ ಜೊತೆ ಇಂದಿಗೂ ನೆಟ್ಟಗೆ ಮಾತಾಡಿಲ್ಲ ನಾನು.

ಗಡಿಯಾರದಲ್ಲಿ ಇನ್ನೂ ಒಂದು ಗಂಟೆ ಹತ್ತು ನಿಮಿಷ.
ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಟ್ಟೆ,
ಒಳ್ಳೊಳ್ಳೆಯವು.
ಅಚ್ಚು ತೆಗೆದು ನಲ್ಲಿಯ ನೀರು ಮುಕ್ಕಳಿಸಿದರೆ
ಹಲ್ಲಿನ ಬೇರಿಗೇ ಮಿಂಚು ಹೊಡೆದಂತೆ ಜುಂ.
ಬಂದು ನೋಡಿದರೆ ಅವನು ಗೊರಕೆ,
ಭಾರ ಇಳಿಸಿದ ಲಾರಿಯ ಹಾಗೆ.

ಮರುರಾತ್ರಿ ಅರ್ಧ ಗಂಟೆ ಮೊದಲೇ ತೊಟ್ಟೆ.

ಹನ್ನೊಂದನೆಯ ದಿನ ಡಾಕ್ಟರ್ ಸಾಕು ಎಂದರು.
ಕನ್ನಡಿಯಲ್ಲಿ ಹಲ್ಲೆಲ್ಲ ಒಂದೇ ಬಣ್ಣ,
ಪೆಟ್ಟು ಬಿದ್ದ ಆ ಏಪ್ರಿಲಿನ ಬಣ್ಣ.
ಅಷ್ಟು ದಿನ ಒಂಟಿಯಾಗಿ ಕಾದಿದ್ದ ಸುಳ್ಳು ಹಲ್ಲನ್ನು
ಈಗ ನಾಲಗೆಯೇ ತಡವಿ ಹುಡುಕಬೇಕು.
ದೀಕ್ಷಾ ಕೂಡ ಬಗ್ಗಿ ಹುಡುಕಿದಳು.
"ಬೀಜ ಎಲ್ಲಿ ಹೋಯಿತಕ್ಕಾ?"
ಮೊದಲ ಬಟ್ಟಲು ಎತ್ತಿ ಸೊರ್ರೆಂದೆ.

ಎರಡು ಸಿರಿಂಜು ಉಳಿದಿವೆ,
ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ.
ಮುಟ್ಟುವುದಿಲ್ಲ.
ಆದರೂ ಕೆಲವು ರಾತ್ರಿ
ಬರೀ ಅಚ್ಚು ತೊಟ್ಟು ಬಂದು ಕೂರುತ್ತೇನೆ.
ಉತ್ತಯ್ಯ ಟಿವಿ ಆರಿಸುತ್ತಾನೆ.