ಒಣ ಜಾಗದಲ್ಲಿ ಇಡತಕ್ಕದ್ದು

ಪುಸ್ತಕ ಹೇಳುತ್ತದೆ: ಕಾಂಡ ದುಂಡಗೆ,
ಹೊರಗೆ ಬೂದು, ಒಳಗೆ ಹಳದಿ, ಮುರಿದರೆ ನಾರುನಾರು.
ವಾಸನೆ ಇಲ್ಲ. ರುಚಿ ಕಹಿ.
ತಂಪಾದ, ಒಣ ಜಾಗದಲ್ಲಿ ಇಡತಕ್ಕದ್ದು.

ಕೋಡಿಬಾಗದಲ್ಲಿ ಆಷಾಢ.
ಕಾಳಿ ನದಿ ಕಡಲಿಗೆ ಕೆಂಪು ನೀರು ಸುರಿಯುತ್ತಿದೆ,
ಲ್ಯಾಬಿನ ಗೋಡೆ ಬೆವರುತ್ತಿದೆ, ಬೀಗಕ್ಕೆ ತುಕ್ಕು.
ಡೆಸಿಕೇಟರಿನ ನೀಲಿ ಹರಳು
ಬೆಳಿಗ್ಗೆ ಓವನ್ನಿನಿಂದ ತೆಗೆದದ್ದು
ಊಟದ ಹೊತ್ತಿಗೆ ಗುಲಾಬಿ.
ಒಣ ಜಾಗ ಎಲ್ಲಿದೆ ಮಹರಾಯ, ತೋರಿಸಿ,
ನನ್ನನ್ನೂ ಅಲ್ಲೇ ಇಡಿ ಒಂದಿಷ್ಟು ದಿನ.

ಮಾಬ್ಳು ವೇಳಿಪ ಜೋಯಿಡಾದ ಬಸ್ಸಿಳಿದು ಬಂದ,
ಗೊಬ್ಬರದ ಚೀಲದಲ್ಲಿ ಸುತ್ತಿದ ಮೂರು ಗೇಣು ಬಳ್ಳಿ.
ಮರಅರಿಶಿನ, ಅಂದೆ. ಅವನು ಕೊಂಕಣಿಯಲ್ಲಿ ಬೇರೇನೋ ಅಂದ,
ರಿಜಿಸ್ಟರಿನ ಕಾಲಮ್ಮಿನಲ್ಲಿ ಹಿಡಿಸದ್ದು,
ಅರ್ಧ ಹೆಸರು, ಅರ್ಧ ಕಡಿಯುವ ಮುಂಚೆ ಬಳ್ಳಿಗೆ ಹೇಳುವ ಮಾತು.
ಹಳಿಯಾಳದ ಅಂಗಡಿಯವ ನಕ್ಕನಂತೆ,
ಬಣ್ಣ ಹಚ್ಚಿದ ಕಟ್ಟಿಗೆ ತಂದೆಯಾ ಎಂದು.
ಚೀಟಿ ಬೇಕು ಇವನಿಗೆ, ಸೀಲು ಹೊಡೆದ ಚೀಟಿ:
ತನ್ನ ಹಳದಿ ಹಳದಿಯೇ ಎಂದು.

ಅರೆದೆ. ಮದ್ಯಸಾರದಲ್ಲಿ ನೆನೆಸಿ ಸೋಸಿದೆ.
ಬ್ಯುಟನಾಲ್ ಏಳು, ಅಸಿಟಿಕ್ ಆಮ್ಲ ಒಂದು, ನೀರು ಎರಡು,
ಗಾಜಿನ ತೊಟ್ಟಿಯಲ್ಲಿ ತಟ್ಟೆ ನಿಲ್ಲಿಸಿ
ಮುಚ್ಚಳ ಮುಚ್ಚಿ ಕೂತೆ.
ಬೈತಖೋಲದ ಭರತಿ ಇದಕ್ಕಿಂತ ಬೇಗ ಏರುತ್ತದೆ.
ಮಾಬ್ಳು ಬೆಂಚಿನ ಮೇಲೆ ನಿದ್ದೆ ಹೋದ.

ಕತ್ತಲ ಕೋಣೆಯಲ್ಲಿ ನೇರಳೆ ದೀಪ ಒತ್ತಿದರೆ
ಇದೆ! ಹಸಿರು ಬೆರೆತ ಹಳದಿ,
ರಾತ್ರಿ ಹುಟ್ಟು ಹಾಕಿದಲ್ಲೆಲ್ಲ
ಕಡಲು ಹೊತ್ತಿಕೊಳ್ಳುತ್ತದಲ್ಲ, ಹಾಗೆ.
ಸ್ಕೇಲು ಇಟ್ಟು ಅಳೆದೆ: ಸೊನ್ನೆ ಬಿಂದು ಐದು ಏಳು.
ಪುಸ್ತಕ ಹೇಳುತ್ತದೆ: ಐದು ಎರಡು.

ಪಕ್ಕದಲ್ಲಿ ಓಡಿಸಿ ಹೋಲಿಸಲು ಶುದ್ಧ ಮಾದರಿ ಇಲ್ಲ.
ಸೀಸೆ ಖಾಲಿಯಾಗಿ, ಇಂಡೆಂಟು ಕಳಿಸಿ, ಐದು ತಿಂಗಳು.
ಐವತ್ತು ಮಿಲಿಗ್ರಾಂ, ಚಿಟಿಕೆಯಷ್ಟು ಸತ್ಯ,
ಅದಕ್ಕೆ ನನ್ನ ಅರ್ಧ ಸಂಬಳ.
ಬರೆಯಲೇ, ಹೊಂದುವುದಿಲ್ಲ ಎಂದು?

ಪೆನ್ನಿನ ಟೊಪ್ಪಿ ತೆಗೆದಾಗಿತ್ತು.
ಯಾಕೋ ಪುಟವನ್ನು ಇನ್ನೊಮ್ಮೆ ಅಗಲ ಮಾಡಿದೆ.
ಹೊಲಿಗೆಯ ಸಂದಿನಲ್ಲಿ, ಬೆಳ್ಳಿಹುಳ ತಿಂದು ಬಿಟ್ಟಲ್ಲಿ
ಪೆನ್ಸಿಲಿನ ಇರುವೆಸಾಲು:
ಇಲ್ಲಿ ಮಳೆಗಾಲಕ್ಕೆ ನೂರರಲ್ಲಿ ಐದು ಕಳೆಯಿರಿ.
ತಟ್ಟೆ ನೀರು ಕುಡಿದಿರುತ್ತದೆ. ತಪ್ಪು ಗಿಡದ್ದಲ್ಲ.
ರುಜಾರ.

ರುಜಾರ ಫೆರ್ನಾಂಡಿಸ್. ನಾನು ಸೇರುವ ಮೊದಲೇ ನಿವೃತ್ತ,
ಆಮೇಲೆ ಸುಂಕೇರಿ ಸೇತುವೆಯ ಕೆಳಗೆ ಗಾಳ ಹಾಕುತ್ತಿದ್ದನಂತೆ.
ನನಗೆ ಗೊತ್ತಿರುವುದು ಮೊಳೆಗೆ ತೂಗಿದ ಅವನ ಕೋಟು,
ಜೇಬಿನಲ್ಲಿ ಅಯೋಡಿನ್ ಕಲೆ, ಅಷ್ಟೆ.
ಯಾವುದೋ ಒಣ ಊರಿನ ಒಣ ಕೋಣೆಯಲ್ಲಿ ಬರೆದ ಪುಟಕ್ಕೆ
ಅವನು ನಮ್ಮ ಕಡಲನ್ನು ಸೇರಿಸಿದ್ದ.

ಅದರ ಕೆಳಗೆ: ಒಳ್ಳೆಯ ಮಾದರಿ ಸಿಕ್ಕ ಜಾಗ,
ಮುಂದೆ ಏನಿಲ್ಲ. ಬ್ಲೇಡಿನಲ್ಲಿ ಕೆರೆದಿದ್ದಾನೆ.
ಅಕ್ಷರ ಹೋಗಿ, ಕಾಗದವೂ ಅರ್ಧ ಹೋಗಿ
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.

ಎಬ್ಬಿಸಿ ಕೇಳಿದೆ: ಬುಡ ಕಡಿದೆಯಾ?
ಬಾಯಿ, ಬುಡ ಕಡಿದರೆ ಮತ್ತೆ ಈ ಹಳದಿ ನೋಡಲು
ನನ್ನ ಮಗ ಮುದುಕನಾಗಬೇಕು.
ಕೈ ಮಾತ್ರ ಕಡಿದೆ. ಒಂದೇ ಕೈ.

ಹೊಂದುತ್ತದೆ, ಎಂದು ಬರೆದೆ. ಸೀಲು ಹೊಡೆದೆ.
ಸಂಗ್ರಹಿಸಿದ ಸ್ಥಳ ಎಂಬ ಗೆರೆಯ ಮೇಲೆ
ಪೆನ್ನು ನಿಂತಾಗ ಅವನು ಹೇಳಲು ಹೊರಟ.
ಬೇಡ, ಅಂದೆ.

ಐದೂವರೆಗೆ ಅವನ ಬಸ್ಸು.
ಗುಲಾಬಿ ಹರಳನ್ನು ಮತ್ತೆ ಓವನ್ನಿಗೆ ಇಟ್ಟು
ಪುಸ್ತಕ ಮುಚ್ಚುವ ಮುನ್ನ ಆ ಪುಟವನ್ನು ಕಿಟಕಿಗೆ ಹಿಡಿದೆ.
ಕೆರೆದ ಜಾಗದಲ್ಲಿ ಬೆಳಕು ಬರುತ್ತದೆ,
ಹಿಂಬದಿಯ ಯಾವುದೋ ಬೇರೆ ಗಿಡದ ಅಕ್ಷರ
ತಿರುಗುಮುರುಗಾಗಿ ಕಾಣುತ್ತದೆ.
ಓದಲು ಹೋಗಲಿಲ್ಲ.