ಏಳನೇ ಸಾಲು

ಕಾಲೇಜೆಂದರೆ ಇದೇ. ಮೊದಲು ದಿನಸಿ ಅಂಗಡಿಯಾಗಿತ್ತು.
ಗಾಜಿನ ಬಾಗಿಲು ಯಾರು ಬಂದರೂ ಈಗಲೂ ತಂತಾನೇ ತೆರೆಯುತ್ತದೆ,
ಕಾಸಿದೆಯೇ ಎಂದು ಕೇಳುವುದಿಲ್ಲ.
ನೆಲದ ಮೇಲೆ ಕಪಾಟುಗಳಿದ್ದ ಗುರುತು, ಉದ್ದುದ್ದ ಮಾಸಿದ ಗೆರೆ.
ಸೂರಿಗೆ ತೂಗುವ ಒಂದು ಫಲಕವನ್ನು ಮಾತ್ರ ಯಾರೂ ಇಳಿಸಿಲ್ಲ:
ಸಾಲು ಏಳು — ಹಿಟ್ಟು, ಸಕ್ಕರೆ, ಉಪ್ಪು.
ಅದರಡಿಯಲ್ಲೇ ಈಗ ಬೀಜಗಣಿತ.

ನಮ್ಮ ಬರವಣಿಗೆಯ ತರಗತಿ ಹಿಂದುಗಡೆ, ಮಾಂಸ ಇಡುತ್ತಿದ್ದ ಕಡೆ.
ಯಂತ್ರ ಕಿತ್ತು ಒಯ್ದವರು ಚಳಿಯನ್ನು ಇಲ್ಲೇ ಬಿಟ್ಟುಹೋಗಿದ್ದಾರೆ.
ಹಗಲೆಲ್ಲ ನಾನು ಶೆಡ್ಡಿನಲ್ಲಿ ಸೇಬು ಆರಿಸುತ್ತೇನೆ.
ಪಟ್ಟಿಯ ಮೇಲೆ ಉರುಳಿ ಬರುವ ಕೆಂಪಿನಲ್ಲಿ
ಪೆಟ್ಟು ಬಿದ್ದದ್ದು ಯಾವುದೆಂದು
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.
ಸಂಜೆ ಅದೇ ಬೆರಳು ಪೆನ್ಸಿಲ್ ಹಿಡಿದರೆ
ಯಾರದೋ ಮನೆಯ ಎಳೆಗೂಸು ಎತ್ತಿಕೊಂಡಂತೆ ಗಾಬರಿ.

ಪಕ್ಕದ ಕುರ್ಚಿ ಓರ್ವಿಲ್ ಕ್ನುಟ್ಸನ್‌ನದು.
ಮೂವತ್ತು ವರ್ಷ ಲಾರಿ ಓಡಿಸಿ, ಬೆನ್ನು ಕೈಕೊಟ್ಟ ಮೇಲೆ
ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಕಲಿಯಲು ಬಂದವನು.
ಬ್ರೇಕ್ ಇದ್ದ ಹಾಗೆ, ಅನ್ನುತ್ತಾನೆ, ಸಿಕ್ಕಸಿಕ್ಕಲ್ಲಿ ತುಳಿಯುತ್ತಾನೆ.
ಮೂರನೇ ವಾರ, ಮಾತಿಲ್ಲ ಕತೆಯಿಲ್ಲ,
ತನ್ನ ದಪ್ಪ ಮೇಲಂಗಿಯನ್ನು ನನ್ನ ಕುರ್ಚಿಗೆ ಹೊದಿಸಿಟ್ಟಿದ್ದ.
ಅಂದಿನಿಂದ ಅದು ನನ್ನ ಕುರ್ಚಿ.

ಅರ್ಜಿಯಲ್ಲಿ ಮಾತ್ರ ನನಗೆ ಜಾಗವಿರಲಿಲ್ಲ.
ತಾಯಿಭಾಷೆ: ಇಂಗ್ಲಿಷ್, ಸ್ಪ್ಯಾನಿಷ್, ಇತರೆ.
ಗುರಿ: ಪದವಿ, ಪ್ರಮಾಣಪತ್ರ, ಗೊತ್ತಿಲ್ಲ.
ಸ್ಪ್ಯಾನಿಷ್ ಎಂದು ಗೀಚಿ ಸುಳ್ಳು ಹೇಳಿದೆ,
ಗೊತ್ತಿಲ್ಲ ಎಂದು ಗೀಚಿ ನಿಜ.
ವಹಾಕಾದ ಬೆಟ್ಟಗಳಲ್ಲಿ ನಾವಾಡುವ ಮಾತಿಗೆ
ನಮ್ಮವರಿಟ್ಟ ಹೆಸರು ಮಳೆಯ ಮಾತು.
ಶಾಲೆಯಲ್ಲಿ ಅದನ್ನು ಆಡಿದ್ದಕ್ಕೆ ಬಿಸಿಲಲ್ಲಿ ನಿಂತಿದ್ದೇನೆ.
ಈ ಯಾಕಿಮಾ ಕಣಿವೆಗೋ ಮಳೆಯೇ ಅಪರೂಪ,
ಎಲ್ಲ ಕಾಲುವೆಯ ನೀರು.
ಇಲ್ಲಿ ಅದಕ್ಕೇನು ಕೆಲಸ ಅಂದುಕೊಂಡಿದ್ದೆ.

ನವೆಂಬರಿನ ಒಂದು ಮಂಗಳವಾರ, ಮುಂದಿನ ಮೇಜಿನ ಹತ್ತಿರ
ಟೋಪಿ ಕೈಯಲ್ಲಿ ಹಿಡಿದ ಒಬ್ಬ ಮುದುಕ.
ಗುಮಾಸ್ತೆ ಇಂಗ್ಲಿಷಿನಲ್ಲಿ ಕೇಳಿದಳು; ಹೂಂ ಎಂದ.
ಸ್ಪ್ಯಾನಿಷಿನಲ್ಲಿ ಕೇಳಿದಳು; ಹೂಂ.
ಓದಲು ಬಂದಿರಾ? ಹೂಂ. ದಾರಿ ತಪ್ಪಿದಿರಾ? ಹೂಂ.
ಆ ಹೂಂ ನನಗೆ ಗೊತ್ತು. ನನ್ನಪ್ಪ ಬದುಕಿಡೀ
ಜಮೀನಿನ ಕಾಗದದೆದುರು, ಡಾಕ್ಟರೆದುರು
ಅದನ್ನೇ ಅಂದು ಅಂದು ಸತ್ತ.
ಹತ್ತಿರ ಹೋಗಿ ನಮ್ಮ ಮಾತಿನಲ್ಲಿ ಕೇಳಿದೆ:
ಅಜ್ಜ, ಏನು ಬೇಕಿತ್ತು?
ಟೋಪಿ ಕೆಳಗೆ ಬಿತ್ತು.
ಉಪ್ಪು, ಎಂದ. ಇಲ್ಲಿ ಉಪ್ಪು ಸಿಗುತ್ತಿತ್ತಲ್ಲ?

ನಕ್ಕೆ. ಅವನೂ ನಕ್ಕ. ಆಮೇಲೆ ಜೇಬಿನಿಂದ
ನಾಲ್ಕು ಮಡಿಕೆಯ ಆಸ್ಪತ್ರೆ ಚೀಟಿ ತೆಗೆದ, ಹೆಂಡತಿಯದು.
ಹನ್ನೊಂದು ದಿನದಿಂದ ಯಾರೂ ಓದಿ ಹೇಳಿರಲಿಲ್ಲ.
ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಇಳಿದು, ಅಲ್ಲಿಂದ ಮಳೆಗೆ,
ಒಂದೊಂದೇ ಮಾತನ್ನು ಕೈಹಿಡಿದು ದಾಟಿಸಿದೆ.
ಪಿತ್ತಕೋಶಕ್ಕೆ ಪದ ಹೊಳೆಯದೆ
ನನ್ನದೇ ಪಕ್ಕೆ ಮುಟ್ಟಿ ತೋರಿಸಿದೆ.
ಕತ್ತರಿಸಬೇಕಂತೆ, ಅಜ್ಜ. ಹೆದರಬೇಡ. ಶುಕ್ರವಾರ.
ಈ ಸಲ ಅವನು ಹೂಂ ಎನ್ನಲಿಲ್ಲ,
ಯಾಕೆ ಎಂದು ಕೇಳಿದ.

ತಮುರಾ ಮೇಡಂ ಪಾಠ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದರು.
ಎಪಿಫಾನಿಯಾ, ಅಂದರು,
ಇದಕ್ಕೆ ಸಂಬಳ ಕೊಡುತ್ತಾರೆ, ಗೊತ್ತೆ ನಿನಗೆ?

ಆಸ್ಪತ್ರೆಯ ದುಭಾಷಿ. ಎರಡು ಅವಧಿ, ಒಂದು ಪರೀಕ್ಷೆ.
ಹೊಸ ಅರ್ಜಿ ತಂದೆ. ಇತರೆ ಎಂಬಲ್ಲಿ ಗುರುತು ಹಾಕಿ
ಪಕ್ಕದ ಗೇಣುದ್ದವೂ ಇಲ್ಲದ ಗೆರೆಯಲ್ಲಿ
ನಮ್ಮ ಮಾತಿನ ಹೆಸರು ಬರೆದೆ.
ಜಾಗ ಸಾಲದೆ ಅದು ಅಂಚಿನವರೆಗೂ ಹರಿಯಿತು.
ಓರ್ವಿಲ್ ಬಗ್ಗಿ ನೋಡಿ,
ಇಲ್ಲೊಂದು ಅಲ್ಪವಿರಾಮ ಬೇಕೇನೋ, ಅಂದ.

ಮೊನ್ನೆ ವ್ಯಾಕರಣದಲ್ಲಿ ನೂರಕ್ಕೆ ಐವತ್ತೆಂಟು; ಅದು ಬೇರೆ ಕತೆ.
ಆ ರಾತ್ರಿ ಬಸ್ಸು ಅರ್ಧ ದಾರಿ ಕಳೆದ ಮೇಲೆ ನೆನಪಾಯಿತು:
ಉಪ್ಪು ಈಗ ಎಲ್ಲಿ ಸಿಗುತ್ತದೆಂದು
ಅಜ್ಜನಿಗೆ ಹೇಳಲೇ ಇಲ್ಲ.