ಎರಡನೇ ಕಾ

ಕಾರವಾರದ ನನ್ನ ಮೇಜಿನ ಖಾನೆಯಲ್ಲಿ
ಹತ್ತೊಂಬತ್ತು ಕಿಸೆಗಡಿಯಾರ.
ಒಂದು ಇನ್ನೊಂದರ ಮಾತು ಕೇಳುವುದಿಲ್ಲ.

ಇವನ್ನು ಯಾರೂ ದುಡ್ಡು ಕೊಟ್ಟು ಕೊಂಡದ್ದಲ್ಲ.
ದೀಪಾವಳಿಗೆ ಅಂಗಡಿಯವರು ಗಿರಾಕಿಗೆ ಪುಕ್ಕಟೆ ಹಂಚಿದ್ದು,
ಹೊತ್ತು ನೋಡಿದಾಗೆಲ್ಲ ನಮ್ಮ ಹೆಸರು ನೋಡಲಿ ಎಂದು.
ಬೆನ್ನ ಮೇಲೆ ಗೋಲಿ ಬಾಟಲಿ ಕೆತ್ತಿದ್ದು
ಹೊನ್ನಾವರದ ಸೋಡಾ ಫ್ಯಾಕ್ಟರಿಯದು.
ಕೊಡೆ ಅರಳಿದ್ದು ಭಟ್ಕಳದ ದಾಮ್ದಾ ಸಾಹೇಬರದು,
ಅದಕ್ಕೇ ಮಳೆನೀರು ಹೊಕ್ಕು ಮುಳ್ಳೆಲ್ಲ ತುಕ್ಕು.
ಕೋಡಿಬಾಗದ ಬಡಗಿ ಪೇತ್ರು ಫರ್ನಾಂಡಿಸ್
ಮೇಜು, ಕುರ್ಚಿ, ಶವಪೆಟ್ಟಿಗೆ ಎಂದು ಬರೆಸಿದ್ದಾನೆ;
ದಿನಕ್ಕೆ ಎಂಟು ನಿಮಿಷ ಮುಂದೆ ಓಡುತ್ತದೆ ಅದು.

ಬಂದರು ಕಚೇರಿಯಲ್ಲಿ ಮೂವತ್ತೊಂದು ವರ್ಷ
ಭರತ ಇಳಿತದ ವೇಳೆ ಬರೆದವನು ನಾನು.
ನಿಂತ ಗಡಿಯಾರಕ್ಕೆ ಪಿಂಚಣಿ ಸುರಿಯುತ್ತೀಯಲ್ಲ
ಎನ್ನುತ್ತಾಳೆ ತಂಗಿ.
ನಿಂತದ್ದಕ್ಕೇ ಅಗ್ಗಕ್ಕೆ ಸಿಕ್ಕಿತು ಅಂದರೆ,
ನಾರುವ ಬಂಗಡೆಯೂ ಅಗ್ಗವೇ ಎನ್ನುತ್ತಾಳೆ.

ಇಪ್ಪತ್ತನೆಯದು
ಗುಜರಿ ಮಕ್ಬೂಲನ ತಕ್ಕಡಿಯಲ್ಲಿ,
ಹಿತ್ತಾಳೆ ತಿರುಪುಗಳ ನಡುವೆ ಮಲಗಿತ್ತು.
ಬಿಳಿ ಮುಖ. ಅಂಕಿಯೇ ಇಲ್ಲ.
ಅಂಕಿಯ ಮನೆಗೊಂದು ಅಕ್ಷರ, ಒಂದರಿಂದ ಹನ್ನೆರಡರ ತನಕ:
ಕಾ ಮಾ ಕ್ಷಿ ಹಂ ಚಿ ನ ಕಾ ರ್ಖಾ ನೆ ಕು ಮ ಟಾ.
ಕನ್ನಡ ಬಾರದ ಯಾವನೋ ಸ್ವಿಸ್ ಕುಸುರಿಗಾರ
ಚಿತ್ರ ನೋಡಿ ಚಿತ್ರ ಬರೆದಿದ್ದಾನೆ.
ರ್ಖಾದ ಅರ್ಕಾವತ್ತು ಕೈತಪ್ಪಿ ಆಚೆ ಸರಿದು
ಎಂಟರ ಮನೆಯಲ್ಲಿ ಒಂಬತ್ತಾಗಿ ಕೂತಿದೆ.

ಕಿಸೆಗೆ ಹಾಕಿಕೊಂಡು ಕುಮಟೆಯ ಬಸ್ಸು ಹತ್ತಿದೆ.

ಅಘನಾಶಿನಿಯ ದಂಡೆ. ಕಾರ್ಖಾನೆ ಇದ್ದಲ್ಲಿ
ಸಿಗಡಿಯ ಕೆರೆ, ಮೊಂಡು ಚಿಮಣಿ, ಅದರ ತುದಿಗೆ ಗರುಡ.
ಹಿಂದೆ ಮಚವೆ ಕಟ್ಟುತ್ತಿದ್ದ ಕಲ್ಲಿನ ಮೇಲೆ
ಬಳಚು ಬಿಡಿಸುತ್ತ ಕೂತಿದ್ದಳು ಬೊಮ್ಮಕ್ಕ,
ಭಟ್ಟಿ ಮೇಸ್ತ್ರಿ ಹಮ್ಮಣ್ಣ ಅಂಬಿಗನ ಮೊಮ್ಮಗಳು.

ಯಜಮಾನರು ಅಜ್ಜನಿಗೂ ಒಂದು ಕೊಟ್ಟಿದ್ದರಂತೆ.
ಶಾಲೆ ಕಾಣದ ಮನೆಗೆ
ಈ ಹನ್ನೆರಡೇ ಅಕ್ಷರ, ಇವೇ ಗಂಟೆ.
ಚಿಗೆ ಏಳು, ನ ಆಗುವುದರೊಳಗೆ ಮಣ್ಣು ಮೆಟ್ಟು,
ಟಾಗೆ ಗಂಜಿ, ನೆಗೆ ಚಾಪೆ.
ಕಾ ಮಾತ್ರ ಎರಡು.
ಮಧ್ಯಾಹ್ನ ಒಂದಕ್ಕೂ ಕಾ, ಸಂಜೆ ಏಳಕ್ಕೂ ಕಾ.
ಸೋದರತ್ತೆಯನ್ನು ನೋಡಲು ಕಾ ಗಂಟೆಗೆ ಬನ್ನಿ
ಎಂದು ಅಜ್ಜ ಆಚೆ ದಡಕ್ಕೆ ಹೇಳಿ ಕಳಿಸಿದ.
ಅವರ ಮನೆಯಲ್ಲೂ ಇದೇ ಗಡಿಯಾರ.
ಮೊದಲನೇ ಕಾಗೆ ಬಂದರು. ಬಾಗಿಲು ಹಾಕಿತ್ತು,
ಮನೆಮಂದಿಯೆಲ್ಲ ಭಟ್ಟಿಯಲ್ಲಿ.
ಬಂದ ದೋಣಿಯಲ್ಲೇ ತಿರುಗಿ ಹೋದರು.

"ಅತ್ತೆ ಕಡೆತನಕ ಎರಡನೇ ಕಾಗೆ
ಮುಖ ತೊಳೆದು ಹೂ ಮುಡಿತಿದ್ಲು,"
ಎಂದು ನಕ್ಕಳು ಬೊಮ್ಮಕ್ಕ,
ಚೂರಿಯನ್ನು ಸೀರೆಗೆ ಒರೆಸಿದಳು.

ಗಡಿಯಾರ ಅವಳ ಕೈಗಿಟ್ಟೆ.
ಕಿವಿಗೆ ಹಿಡಿದಳು. ಸದ್ದಿಲ್ಲ.
ಸುಟ್ಟ ಹಂಚನ್ನು ಬಡಿದು ನೋಡುವ ಹಾಗೆ
ಬೆರಳ ಗೆಣ್ಣಿನಿಂದ ಗಾಜು ತಟ್ಟಿದಳು.
ಮುಳ್ಳು ಯಾವ ಕಾಲದಲ್ಲೋ ಹಂ ಮೇಲೆ ನಿಂತದ್ದು.
ಆಗ ಬೆಳಗಿನ ಹನ್ನೊಂದು.
ನೀರು ಇನ್ನೂ ಏರುತ್ತಿತ್ತು, ಅಷ್ಟು ನನಗೆ ತಿಳಿಯುತ್ತದೆ.

"ಹಂ ಆಯ್ತಲ್ಲ ತಮಾ, ಚಾ ಹೊತ್ತು."
ಗಡಿಯಾರವನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು.
ಒಲೆಗೆ ತೆಂಗಿನ ಗರಿ ಮುರಿಯುವ ಸದ್ದು.
ಕಲ್ಲಿನ ಮೇಲೆ ಕೂತು ನಾನು
ಉಳಿದ ಬಳಚು ಬಿಡಿಸತೊಡಗಿದೆ.